ನಮ್ಮ ಮೂರು ಸೆಂಟಿನ ಮಣ್ಣು

ಮಣ್ಣು ಪರೀಕ್ಷೆಗೆ ಹೋದಲ್ಲೆಲ್ಲ ಏನಾದರೊಂದು ಆಗುತ್ತದೆ. ಮಣ್ಣು ಸುಮ್ಮನಿರುತ್ತದೆ. ನಾವು ಸುಮ್ಮನಿರುವುದಿಲ್ಲ.

ನನ್ನ ಕೆಲಸ ಎಣಿಸುವುದು. ಮೂರು ಕಾಲಿನ ಚೌಕಟ್ಟಿನಿಂದ ಭಾರದ ಸುತ್ತಿಗೆ ಬೀಳುತ್ತದೆ, ಕೊಳವೆ ಮಣ್ಣಿಗೆ ಇಳಿಯುತ್ತದೆ. ಒಂದು ಅಡಿಗೆ ಎಷ್ಟು ಪೆಟ್ಟು ಅಂತ ಹೇಳಬೇಕು. ಪೆಟ್ಟು ಕಮ್ಮಿಯಾದರೆ ಮಣ್ಣು ಮೆತ್ತಗೆ, ಕಟ್ಟಡ ಕುಸಿಯುತ್ತದೆ, ಅದನ್ನು ಹೊರುವ ಕಾಂಕ್ರೀಟ್ ಕಂಬ, ಅಂದರೆ ಪೈಲು, ಆಳಕ್ಕೆ ಹೋಗಬೇಕು. ನಾಲ್ಕನೇ ಕ್ಲಾಸು ಓದಿದ ನನಗೆ ಇಷ್ಟು ಸಾಕು.

ಸಿದ್ದಾಪುರದ ಹತ್ತಿರ ನಮಗೆ ಮೂರು ಸೆಂಟು ಜಾಗ ಇತ್ತು. ತೋಟದ ಕೂಲಿಯವರ ಈ ಲೈನ್ ಮನೆ ಸಾಕು, ಅಲ್ಲೊಂದು ಮನೆ ಕಟ್ಟು ಅನ್ನುತ್ತಿದ್ದಳು ಹೆಂಡತಿ. ಮಣ್ಣು ನೋಡದೆ ಕಟ್ಟಬಾರದು, ಮಿಷನ್ ಬರಲಿ ಅನ್ನುತ್ತಿದ್ದೆ. ಹನ್ನೊಂದು ವರ್ಷ ಹಾಗೇ ಅಂದೆ.

೧. ಬೆಣ್ಣೆಯಂಥ ಮಣ್ಣು

ಪಾಲಿಬೆಟ್ಟದಲ್ಲಿ ಒಬ್ಬ ಸಾಹುಕಾರರು ತೋಟದೊಳಗೆ ಲಾಡ್ಜ್ ಕಟ್ಟಲು ಹೊರಟಿದ್ದರು. ಮೂರೇ ಪೆಟ್ಟಿಗೆ ಕೊಳವೆ ಒಂದು ಅಡಿ ಇಳಿಯಿತು. ಸಾಹುಕಾರರಿಗೆ ಖುಷಿಯೋ ಖುಷಿ. ನೋಡಿ, ಅಜ್ಜನ ಕಾಲದಿಂದ ಸೊಪ್ಪು ಗೊಬ್ಬರ ಹಾಕಿದ ಮಣ್ಣು ಅಂದರು. ಇದು ಕೆಟ್ಟ ಮಣ್ಣು ಸಾರ್, ಕಟ್ಟಡ ಕೂರುತ್ತದೆ ಅಂದರು ನಮ್ಮ ಇಂಜಿನಿಯರ್.

ಸಾಹುಕಾರರ ಮುಖ ಕೆಂಪಾಯಿತು. "ಮೂರು ತಲೆಮಾರಿಂದ ಕಾಫಿ ಗಿಡ ನಿಂತಿದೆ. ಒಂದಾದರೂ ಕೂತಿದೆಯೇನ್ರೀ?"

ಆ ದಿನ ನಮಗೆ ಟೀ ಕೂಡ ಬರಲಿಲ್ಲ.

೨. ಮೇಲೆದ್ದ ಪೈಲು

ಮಡಿಕೇರಿಯಲ್ಲಿ ಹಾಕಿದ್ದ ಪೈಲಿನ ಮೇಲೆ ಸಿಮೆಂಟ್ ಮೂಟೆ ಹೇರಿ, ಅದು ಎಷ್ಟು ಕೂರುತ್ತದೆ ಅಂತ ನೋಡುತ್ತಿದ್ದೆವು. ಪಕ್ಕದಲ್ಲಿ ಒಂದು ಕಬ್ಬಿಣದ ಪಟ್ಟಿ, ಅದಕ್ಕೆ ಗಡಿಯಾರದಂಥ ಮೀಟರು. ಕೂದಲೆಳೆಯಷ್ಟು ಅಲುಗಿದರೂ ಮುಳ್ಳು ಓಡುತ್ತದೆ. ಇದ್ದಕ್ಕಿದ್ದಂತೆ ಮುಳ್ಳು ಹಿಂದಕ್ಕೆ ಹೋಯಿತು. ಇಂಜಿನಿಯರ್ ಕನ್ನಡಕ ಒರೆಸಿಕೊಂಡರು. ಇಷ್ಟು ಭಾರ ಹೊತ್ತು ಪೈಲು ಮೇಲೆ ಏಳುತ್ತಿದೆಯಲ್ಲ ಅಂದರು.

ಪೈಲಿನ ಆಚೆ ನನ್ನ ಹೆಂಡತಿ ನಿಂತಿದ್ದಳು. ಬಸ್ಸಿನಲ್ಲಿ ಊಟ ತಂದಿದ್ದಳು.

"ಬುತ್ತಿ ಚೀಲ ಈ ಪಟ್ಟಿಗೆ ನೇತು ಹಾಕಿದೆ. ತೆಗೀಲಾ?"

ಪೈಲು ಎದ್ದಿರಲಿಲ್ಲ, ಚೀಲದ ಭಾರಕ್ಕೆ ಪಟ್ಟಿ ಬಗ್ಗಿತ್ತು. ಎಲ್ಲರೂ ನಕ್ಕರು. ನಾನು ಬೈದೆ, ಅಷ್ಟು ಜನರ ಎದುರಿಗೆ. ಮತ್ತೆ ಅವಳು ಊಟ ತರಲಿಲ್ಲ. ಮುಂದೆ ಯಾವ ಪೈಲು ಕೂರದಿದ್ದರೂ ಇದು ಅವಳ ಪಲ್ಯದ ಮಹಿಮೆ ಅನ್ನುತ್ತಿದ್ದರು ಇಂಜಿನಿಯರ್.

೩. ನಮ್ಮ ಜಾಗ

ಹೋದ ವರ್ಷ ಅವಳು ತೀರಿಕೊಂಡಳು, ಲೈನ್ ಮನೆಯಲ್ಲೇ. ತಿಥಿ ಮುಗಿದ ಮೇಲೆ ಇಂಜಿನಿಯರ್ ತಾವಾಗಿ ಮಿಷನ್ ತಂದು ನಮ್ಮ ಜಾಗದಲ್ಲಿ ನಿಲ್ಲಿಸಿದರು. ಇನ್ನು ಮನೆ ಯಾರಿಗೆ ಅಂತ ಅವರು ಕೇಳಲಿಲ್ಲ.

ಎಣಿಸಿದೆ. ಹತ್ತು, ಇಪ್ಪತ್ತು, ಐವತ್ತು. ಕೊಳವೆ ಒಂದು ಇಂಚೂ ಇಳಿಯಲಿಲ್ಲ. ಕೆಳಗೆ ಬರೀ ಬಂಡೆ. ಇಲ್ಲಿ ಪೈಲೂ ಬೇಡ, ನಾಲ್ಕು ಮಾಳಿಗೆ ಕಟ್ಟಬಹುದು ಅಂದರು ಇಂಜಿನಿಯರ್.

ಪಕ್ಕದ ಮನೆಯಾಕೆ ಬೇಲಿ ಹತ್ತಿರ ನಿಂತು ನೋಡುತ್ತಿದ್ದಳು.

"ಇದಕ್ಕೆ ಮಿಷನ್ ಯಾಕಣ್ಣ? ಅತ್ತಿಗೆ ಇಲ್ಲಿ ಬಾಳೆ ನೆಡೋಕೆ ಹೋಗಿ ಗುದ್ದಲಿ ಮುರ್ಕೊಂಡಿದ್ರಲ್ಲ. ನಿಮಗೆ ಹೇಳಲಿಲ್ವಾ?"

ಹೇಳಿದ್ದಳು. ಮುರಿದ ಗುದ್ದಲಿ ತಂದು ತೋರಿಸಿಯೂ ಇದ್ದಳು. ಎಷ್ಟನೇ ಪೆಟ್ಟಿಗೆ ಮುರಿಯಿತು ಅಂತ ಕೇಳಿದ್ದೆ. ಎಣಿಸಲಿಲ್ಲ ಅಂದಳು.

ಹಾಗಾದರೆ ಅದು ಲೆಕ್ಕಕ್ಕಿಲ್ಲ ಅಂದಿದ್ದೆ.