ಸೋವಿ ಬಂದೂಕಿನ ಗುಣಮಟ್ಟ

ಅಂಜುಬುರುಕನ ಹತ್ತಿರ ಯಾರೂ ಅಭಿಪ್ರಾಯ ಕೇಳಬಾರದು. ನಾನು ದೀಪಾವಳಿಯಲ್ಲಿ ಪಟಾಕಿಗೆ ಊದುಬತ್ತಿ ತಾಗುವ ಮೊದಲೇ ಓಡಿಹೋಗಿ, ತಮ್ಮನಿಂದ ಬೈಸಿಕೊಳ್ಳುತ್ತಿದ್ದವನು. ಇಂಥ ನನಗೆ ತೊಂಬತ್ತರ ದಶಕದಲ್ಲಿ ದೋಹಾದ ಕಟ್ಟಡ ಕಂಪನಿಯೊಂದರಲ್ಲಿ ಸಿಕ್ಕಿದ್ದು ಸಾಮಾನುಗಳ ಗುಣಮಟ್ಟ ಪರೀಕ್ಷಿಸುವ ಕೆಲಸ. ಪೈಪು, ನಲ್ಲಿಗಳನ್ನು ತಿರುವಿ ನೋಡಿ 'ಪಾಸು' ಅಥವಾ 'ವಾಪಸು' ಎಂದು ಬರೆಯುತ್ತಿದ್ದೆ. ನಲ್ಲಿಗಳು ಎದುರು ಮಾತಾಡುವುದಿಲ್ಲವಾದ್ದರಿಂದ ನನ್ನ ತೀರ್ಪುಗಳು ಬಹಳ ನಿಷ್ಠುರವಾಗಿರುತ್ತಿದ್ದವು. ಮುದೀರ್, ಅಂದರೆ ಕಂಪನಿಯ ಯಜಮಾನರಾದ ಕತಾರಿ ಸಾಹೇಬರು, ಇದನ್ನು ಮೆಚ್ಚಿಕೊಂಡಿದ್ದರು. ಆ ಮೆಚ್ಚುಗೆಯೇ ನನಗೆ ಮುಳುವಾಯಿತು.

ಒಂದು ಶುಕ್ರವಾರ ಬೆಳಿಗ್ಗೆ ಕಂಪನಿಯ ಡ್ರೈವರ್ ಹಂಝಾ ದೋಹಾ ಅಲ್ ಜದೀದಾದ ನಮ್ಮ ಮನೆಗೆ ಬಂದ. ಉಳ್ಳಾಲದವನು, ಅರಬ್ಬಿ ನೀರು ಕುಡಿದಷ್ಟು ಸಲೀಸು.

"ಹೊರಡಿ ಮಾರಾಯ್ರೇ. ಮುದೀರ್ ಹೊಸ ಬಂದೂಕು ತೆಗೊಂಡಿದ್ದಾರೆ. ಭಾರೀ ಕಡಿಮೆ ಕ್ರಯದ್ದು. ಅವರ ಭಾವ ಅದನ್ನು ನೋಡಿ ತಗಡು ಅಂತ ನೆಗಾಡಿದರಂತೆ. ಈಗ ನೀವು ನೋಡಿ ಹೇಳಬೇಕಂತೆ."

"ನಾ ಪೈಪ್ ನೋಡಾಂವ ಅದೀನಿ, ಹಂಝಾ!"

"ಅದೂ ಒಂದು ಪೈಪೇ ಅಲ್ವಾ?"

ಒಳಗಿನಿಂದ ನನ್ನ ಹೆಂಡತಿ ಶಾಂತಾ ಇಣುಕಿದಳು. ಅವಳು ಊರಿಂದ ಬಂದು ಎರಡೇ ತಿಂಗಳಾಗಿತ್ತು. ಅವಳ ವೀಸಾ ಮುಂದುವರಿಸುವ ಕಾಗದ ಮುದೀರರ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು. "ಹೋಗಿ ಬರ್ರಿ. ಅವರು ಕೇಳಿದ್ದಕ್ಕ ಇಲ್ಲ ಅನಬ್ಯಾಡ್ರಿ," ಎಂದಳು. ಗಂಡ ಹೋದರೂ ವೀಸಾ ಉಳಿಯಲಿ ಎಂಬಂತಿತ್ತು ಆ ದನಿ.

ಅಲ್ ಶಮಾಲ್ ಕಡೆಯ ಬಯಲಿನಲ್ಲಿ ಮುದೀರ್ ಕಾಯುತ್ತಿದ್ದರು. ಬಂದೂಕನ್ನು ನನ್ನ ಕೈಗಿಟ್ಟರು. ಒಂಟಿ ನಳಿಗೆಯದು. ಮರದ ಹಿಡಿಯ ಬಣ್ಣ ನಮ್ಮ ಆಫೀಸಿನ ಅಗ್ಗದ ಕುರ್ಚಿಗಳ ಬಣ್ಣವೇ. ಕೀಲಿನ ಹತ್ತಿರ ಏನೋ ಕಿರುಗುಟ್ಟಿತು. ಕಂಪನಿಯ ಹೆಸರನ್ನು ಕೆತ್ತಿದವನಿಗೆ ಅರ್ಧದಲ್ಲಿ ಊಟದ ಗಂಟೆ ಹೊಡೆದಿರಬೇಕು, ಕೊನೆಯ ಅಕ್ಷರ ಸೊಟ್ಟಗಿತ್ತು. ನಲ್ಲಿಯಾಗಿದ್ದರೆ ಕಣ್ಣು ಮುಚ್ಚಿ 'ವಾಪಸು' ಬರೆಯುತ್ತಿದ್ದೆ. ಆದರೆ ಮುದೀರರ ಮುಖ ನೋಡಿದೆ, ವೀಸಾ ನೆನಪಾಯಿತು.

"ಫಸ್ಟ್ ಕ್ಲಾಸ್ ಮಾಲು," ಎಂದೆ. ಹಂಝಾ ಅದನ್ನು ಅರಬ್ಬಿಗೆ ತಿರುಗಿಸಿದ. ಮುದೀರ್ ಹಿಗ್ಗಿಹೋಗಿ ತೋಟಾ ತುಂಬಿ ಏನೋ ಹೇಳಿದರು.

"ಎಂತ ಅಂದ್ರೆ," ಹಂಝಾ ಎರಡು ಹೆಜ್ಜೆ ಹಿಂದೆ ಸರಿಯುತ್ತ ಹೇಳಿದ, "ಇಷ್ಟು ಮೆಚ್ಚಿದ ನೀವೇ ಮೊದಲ ಗುಂಡು ಹೊಡೀಬೇಕಂತೆ. ಯಲ್ಲಾ!"

ದೂರದಲ್ಲಿ ಒಂದು ಎಣ್ಣೆ ಡಬ್ಬಿ ಇಟ್ಟಿದ್ದರು. ಬಂದೂಕನ್ನು ಹೆಗಲಿಗೆ ಆನಿಸಿದೆ. ಈ ಕಿರುಗುಟ್ಟುವ ಕೀಲು ನನ್ನ ಕೆನ್ನೆಯ ಪಕ್ಕದಲ್ಲೇ ಸಿಡಿದರೆ? ಮನೆದೇವರನ್ನು ನೆನೆದು, ಕಣ್ಣು ಮುಚ್ಚಿ ಬಂದೂಕಿನ ಕುದುರೆಯನ್ನು, ಅಂದರೆ ಟ್ರಿಗರನ್ನು, ಎಳೆದೆ. ಏನೂ ಆಗಲಿಲ್ಲ. ಇನ್ನೂ ಬಲವಾಗಿ ಎಳೆದೆ. ಇಲ್ಲ! "ಹಂಝಾ, ಕುದುರೀನ ಅಳ್ಳಾಡವಲ್ದು ನೋಡೋ," ಎನ್ನುತ್ತ ಬಂದೂಕು ಹಿಡಿದೇ ಅವರತ್ತ ತಿರುಗಿದೆ.

ಮುದೀರರಂಥ ದೊಡ್ಡ ಮನುಷ್ಯರು ಅಷ್ಟು ಬೇಗ ನೆಲಕ್ಕೆ ಬೀಳುವುದನ್ನು ನಾನು ಕಂಡಿರಲಿಲ್ಲ. "ಆಚೆ ಹಿಡೀರಿ ಮಾರಾಯ್ರೇ, ಆಚೆ!" ಎಂದು ಹಂಝಾ ಜೀಪಿನ ಹಿಂದಿನಿಂದ ಚೀರಿದ. ಗಾಬರಿಯಲ್ಲಿ ನಳಿಗೆಯನ್ನು ಬಯಲಿನತ್ತ ಹೊರಳಿಸಿದೆ. ಢಂ! ಹತ್ತು ಮಾರು ದೂರದಲ್ಲಿ ಮರಳು ಕಾರಂಜಿಯಂತೆ ಎದ್ದಿತು. ನಾನು ಕುಂಡೆಯ ಮೇಲೆ ಕುಳಿತಿದ್ದೆ.

ಒಬ್ಬ ಮನುಷ್ಯ ಸತ್ತೇಹೋಗುತ್ತಿದ್ದನಲ್ಲ ಎಂಬುದು ತಲೆಗೆ ಇಳಿದಾಗ ಅಳು ಬಂತು. "ತಪ್ಪಾತ್ರಿ ಸಾಹೇಬ್ರ. ಮಾಲು ಕೆಟ್ಟದ್ದೈತ್ರಿ, ನಾ ಸುಳ್ಳು ಹೇಳಿದ್ನಿ," ಎಂದು ತೊದಲಿದೆ. ಹಂಝಾ ಅದನ್ನೂ ಅರಬ್ಬಿಗೆ ತಿರುಗಿಸಿದ.

ಮುದೀರ್ ಮರಳು ಕೊಡವಿಕೊಂಡು ಎದ್ದರು. ಮುಖ ಬಿಳಿಚಿತ್ತು. ಬಂದೂಕು ತೆಗೆದುಕೊಂಡು ಮತ್ತೊಂದು ತೋಟಾ ತುಂಬಿ ಹೊಡೆದರು, ಡಬ್ಬಿ ಹಾರಿಹೋಯಿತು. ಇನ್ನೊಂದು ಹೊಡೆದರು, ಅದು ಮತ್ತೆ ಹಾರಿತು. ಆಮೇಲೆ ನನ್ನ ಬೆರಳನ್ನು ಹಿಡಿದು ತೋರಿಸಿದರು: ನಾನು ಇಷ್ಟು ಹೊತ್ತೂ ಎಳೆದದ್ದು ಕುದುರೆಯನ್ನಲ್ಲ, ಅದರ ಸುತ್ತಲಿನ ಕಬ್ಬಿಣದ ಬಳೆಯನ್ನು. ಗಾಬರಿಯಲ್ಲಷ್ಟೇ ಬೆರಳು ಒಳಗೆ ಜಾರಿತ್ತು.

"ಬಂದೂಕು ಕಡಿಮೆ ಕ್ರಯದ್ದಾದರೂ ಒಳ್ಳೆಯದೇ ಅಂತೆ," ಎಂದ ಹಂಝಾ. "ನಿಮ್ಮ ಬಗ್ಗೆಯೂ ಒಂದು ಮಾತು ಹೇಳಿದರು. ಅದು ಬೇಡ, ಬಿಡಿ."

ಶನಿವಾರ ಮುದೀರ್ ವೀಸಾ ಕಾಗದಕ್ಕೆ ಸಹಿ ಹಾಕಿದರು, ನನ್ನ ಮುಖ ನೋಡದೆ. ಸಂಜೆ ಶಾಂತಾ ನನ್ನ ಹಿಂದಿನ ದಿನದ ಶರ್ಟಿನ ಮರಳು ಝಾಡಿಸುತ್ತ, "ಆ ಬಂದೂಕು ಹೆಂಗಿತ್ರಿ?" ಎಂದು ಕೇಳಿದಳು.

"ಸೋವಿ ಆದ್ರೂ ಮಾಲು ಚಲೋ ಐತಿ," ಎಂದೆ ಗಂಭೀರವಾಗಿ. ಆ ಬಂದೂಕಿನ ಬಗ್ಗೆ ನಾನು ಕೊಟ್ಟ ಮೂರು ಅಭಿಪ್ರಾಯಗಳಲ್ಲಿ ಸರಿಯಾದದ್ದು ಇದೊಂದೇ. ಅದು ಮುದೀರರದೆಂದು ಅವಳಿಗೆ ಹೇಳುವ ಧೈರ್ಯ ಮಾತ್ರ ಇಂದಿಗೂ ಬಂದಿಲ್ಲ.