ಪಟ್ಟಿಯ ಹತ್ತನೆಯ ಹೆಸರು

ದಿಬ್ಬೂರಹಳ್ಳಿ
ದಿನಾಂಕ: 17-10-1988

ಇಂದ:
ಬಯ್ಯಪ್ಪ ಬಿನ್ ಲೇಟ್ ಆವುಲಪ್ಪ,
ವಯಸ್ಸು 21, ಬದಲಿ ಆಟಗಾರ (ಸದ್ಯ ಹೆಸರು ಅಳಿಸಲ್ಪಟ್ಟಿದೆ),
ದಿಬ್ಬೂರಹಳ್ಳಿ, ಶಿಡ್ಲಘಟ್ಟ ತಾಲ್ಲೂಕು, ಕೋಲಾರ ಜಿಲ್ಲೆ.

ಗೆ:
ಶ್ರೀ ನರಸಿಂಹಪ್ಪನವರು,
ಗೌರವ ಕಾರ್ಯದರ್ಶಿಗಳು, ಉದಯ ಬ್ಯಾಸ್ಕೆಟ್‌ಬಾಲ್ ಸಂಘ, ಶಿಡ್ಲಘಟ್ಟ.
(ಸಂಘಕ್ಕೆ ಕಚೇರಿ ಇಲ್ಲದಿರುವ ಕಾರಣ ತಮ್ಮ ರೇಷ್ಮೆ ಮೊಟ್ಟೆ ಅಂಗಡಿಯಲ್ಲೇ ಖುದ್ದು ಸಲ್ಲಿಸಲಾಗಿದೆ.)

ವಿಷಯ: ಸಂಘದ ಪಟ್ಟಿಯಲ್ಲಿ ಹತ್ತನೆಯ ಹೆಸರು ಬದಲಾದ ಬಗ್ಗೆ, ಮತ್ತು ತತ್ಸಂಬಂಧ ಸೂಕ್ತ ಆದೇಶ ಕೋರಿ.

ಉಲ್ಲೇಖ: 1. ತಮ್ಮ ಅಂಗಡಿಯ ಕಪ್ಪು ಹಲಗೆಯಲ್ಲಿ ದಿನಾಂಕ 1-10-1988ರ ಬೆಳಿಗ್ಗೆ ಇದ್ದ ಪಟ್ಟಿ.
2. ಅದೇ ಹಲಗೆಯಲ್ಲಿ ಅದೇ ದಿನ ಸಂಜೆ ಇದ್ದ ಪಟ್ಟಿ.
3. ದಿನಾಂಕ 8-10-1988ರಂದು ಚಿಂತಾಮಣಿ ಬಸ್ ನಿಲ್ದಾಣದಲ್ಲಿ ತಾವು ಆಡಿದ ಮಾತು.

ಮಾನ್ಯರೇ,

1. ಅರ್ಜಿದಾರನ ಬಳಿ ಆಟದ ಸರ್ಟಿಫಿಕೇಟು ಇರಲಿಲ್ಲ. ಎತ್ತರವಿತ್ತು, ಕ್ಯಾನ್‌ವಾಸ್ ಬೂಟು ಇತ್ತು, ಎರಡು ವರ್ಷ ತಪ್ಪದೆ ದಿಬ್ಬೂರಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಸಂಘದ ಸಿಮೆಂಟು ಅಂಕಣವನ್ನು ಗುಡಿಸಿದ ಅನುಭವವೂ ಇತ್ತು. ಸದರಿ ಎರಡು ವರ್ಷಗಳಲ್ಲಿ ತಾವು ಅರ್ಜಿದಾರನನ್ನು ಒಟ್ಟು ಹನ್ನೊಂದು ನಿಮಿಷ ಆಡಿಸಿದ್ದೀರಿ. ಆ ಹನ್ನೊಂದು ನಿಮಿಷವೂ ಸಂಘವು ಇಪ್ಪತ್ತು ಪಾಯಿಂಟು ಮುಂದಿತ್ತು ಅಥವಾ ಇಪ್ಪತ್ತು ಪಾಯಿಂಟು ಹಿಂದಿತ್ತು. ಆದ್ದರಿಂದ ಅರ್ಜಿದಾರನು ಚೆನ್ನಾಗಿ ಆಡುತ್ತಾನೋ ಇಲ್ಲವೋ ಎಂಬ ಪ್ರಶ್ನೆ ಯಾರಿಗೂ ಏಳಲಿಲ್ಲ.

2. ಅರ್ಜಿದಾರನಿಗೆ ಪಿ.ಟಿ. ಮೇಷ್ಟ್ರಾಗುವ ಆಸೆಯಿದೆ. ಅದು ದೊಡ್ಡ ಆಸೆಯಲ್ಲ. ಅದಕ್ಕೆ ಸಿ.ಪಿ.ಎಡ್. ತರಗತಿಗೆ ಸೇರಬೇಕು, ಸೇರಲು ಜಿಲ್ಲಾ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟು ಬೇಕು, ಅದನ್ನು ಇದೇ 31ನೇ ತಾರೀಖಿನೊಳಗೆ ಲಗತ್ತಿಸಬೇಕು. ಜಿಲ್ಲಾ ಟೂರ್ನಮೆಂಟು ಈ ಸಲ ಚಿಂತಾಮಣಿಯಲ್ಲಿ ಇದೇ ತಿಂಗಳು 8 ಮತ್ತು 15ರ ಶನಿವಾರಗಳಂದು ಎಂದು ತಾವೇ ಪ್ರಕಟಿಸಿದ್ದಿರಿ. ಪಟ್ಟಿಗೆ ಹತ್ತು ಹೆಸರು. ಬೆಳಗಿನ ಪಟ್ಟಿಯಲ್ಲಿ ಹತ್ತನೆಯದು ಅರ್ಜಿದಾರನದು.

3. ಈ ಅರ್ಜಿಯನ್ನು ಮುಂದೆ ಬೇರೆ ಸೀಮೆಯವರು ಓದುವ ಸಂಭವವಿರುವ ಕಾರಣ ಒಂದು ವಿಷಯವನ್ನು ವಿವರಿಸುವುದು ಅಗತ್ಯ. ನಮ್ಮ ತಂಡದಲ್ಲಿ ಹುಳ ಸಾಕುವ ಮನೆಯವರು ಹೆಚ್ಚು. ಮೊಟ್ಟೆ ಒಡೆದ ಇಪ್ಪತ್ತೈದನೆಯ ದಿನಕ್ಕೆ ರೇಷ್ಮೆ ಹುಳ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಹಣ್ಣಾದ ಹುಳವನ್ನು ಆ ಹೊತ್ತಿಗೇ ಆರಿಸಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡಬೇಕು, ಇಲ್ಲದಿದ್ದರೆ ಅದು ಸಿಕ್ಕಲ್ಲಿ ನೂಲು ಬಿಟ್ಟು ಬೆಳೆ ಹಾಳು. ಅಂದು ಮನೆಯಲ್ಲಿ ಕೈ ಇರುವವರೆಲ್ಲ ಬೇಕು. ಮದುವೆ ಮುಂದೂಡಬಹುದು, ಹುಳವನ್ನು ಮುಂದೂಡಲಾಗದು. ಬ್ಯಾಸ್ಕೆಟ್‌ಬಾಲಿನ ಪ್ರಶ್ನೆಯೇ ಬರುವುದಿಲ್ಲ.

4. ಈ ಕಾರಣದಿಂದ ಅರ್ಜಿದಾರನ ತಾಯಿ ಆದಿಲಕ್ಷ್ಮಮ್ಮನವರು ಸೆಪ್ಟೆಂಬರಿನಲ್ಲಿ ಒಂದು ತೀರ್ಮಾನ ಮಾಡಿದರು. ಆ ಸಲದ ಹುಳ ಇಟ್ಟರೆ ಸರಿಯಾಗಿ ಟೂರ್ನಮೆಂಟಿನ ದಿನಕ್ಕೇ ಹಣ್ಣಾಗುವುದೆಂದು ಬೆರಳು ಎಣಿಸಿ ಕಂಡುಕೊಂಡ ಅವರು, ಹುಳ ಸಾಕುವ ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿ ಹೀಗೆಂದರು: "ಈ ಸಲ ಹುಳ ಬ್ಯಾಡ ಬಿಡಪ್ಪ. ನೀನು ಆಡ್ಬುಟ್ಟು ಆ ಕಾಗದ ತಗೊಂಬಾ. ಹುಳ ವರ್ಷಕ್ಕೆ ಐದು ಸಲ ಇಡಬೋದು." ತೋಟದ ಹಿಪ್ಪುನೇರಳೆ ಸೊಪ್ಪು ಪಕ್ಕದ ಮನೆಯ ಹುಳಕ್ಕೆ ಹೋಯಿತು, ಉಳಿದದ್ದು ಎಮ್ಮೆಗೆ. ಈ ಟೂರ್ನಮೆಂಟಿನಿಂದ ಇದುವರೆಗೆ ಅನುಕೂಲವಾಗಿರುವುದು ಆ ಎಮ್ಮೆಯೊಂದಕ್ಕೇ.

5. ತಾವು ಮೊಟ್ಟೆ ಮಾರುವವರು. ಯಾರ ಮನೆಯ ಹುಳ ಯಾವತ್ತು ಹಣ್ಣಾಗುತ್ತದೆಂದು ತಾಲ್ಲೂಕಿನಲ್ಲಿ ತಮಗಿಂತ ಚೆನ್ನಾಗಿ ಬಲ್ಲವರಿಲ್ಲ. ದಿನಾಂಕ 1-10-1988ರಂದು ತಾವು ಅಂಗಡಿಯ ಪುಸ್ತಕ ತೆರೆದು ಆಟಗಾರರ ಮನೆಗಳ ಲೆಕ್ಕ ಹಾಕಿದಿರಿ. ಸಾದಲಿಯ ಗಂಗುಲಪ್ಪ, ಅಂದರೆ ನಮ್ಮ ಕ್ಯಾಪ್ಟನ್, ಮತ್ತು ಇನ್ನಿಬ್ಬರ ಮನೆಯ ಹುಳ 8ರಂದೇ ಹಣ್ಣು. ಅವರು ಆವತ್ತು ಬರುವುದಿಲ್ಲ. ಇಲ್ಲಿಯವರೆಗೆ ತಮ್ಮ ಲೆಕ್ಕದಲ್ಲಿ ತಪ್ಪಿಲ್ಲ. 15ಕ್ಕಾದರೂ ಬರುತ್ತಾರೆಂದು ಅವರ ಹೆಸರು ಉಳಿಸಿದಿರಿ. ನಂತರ ಅರ್ಜಿದಾರನ ಮನೆಯ ಪುಟ ತೆಗೆದಿರಿ. ಅದು ಖಾಲಿ ಇತ್ತು.

6. ಖಾಲಿ ಪುಟ ಕಂಡ ಯಾರಾದರೂ ಈ ಮನೆಯವರು ಮೊಟ್ಟೆ ಕೊಂಡಿಲ್ಲ ಎಂದುಕೊಳ್ಳುತ್ತಾರೆ. ತಾವು ಹಾಗೆ ಅಂದುಕೊಳ್ಳಲಿಲ್ಲ. ಸೊಪ್ಪಿರುವ ಮನೆಯವರು ಬೆಳೆ ಬಿಡುವುದುಂಟೇ? ಆದ್ದರಿಂದ ಆದಿಲಕ್ಷ್ಮಮ್ಮ ಚಿಕ್ಕಬಳ್ಳಾಪುರದ ಬೇರೊಂದು ಅಂಗಡಿಯಲ್ಲಿ ಮೊಟ್ಟೆ ಕೊಂಡಿದ್ದಾಳೆ. ಆದ್ದರಿಂದ ಅವಳ ಹುಳ ಯಾವತ್ತು ಹಣ್ಣಾಗುತ್ತದೋ ತಮಗೆ ತಿಳಿಯದು. ಆದ್ದರಿಂದ ಅರ್ಜಿದಾರನು ನಂಬಿಕೆಗೆ ಅರ್ಹನಲ್ಲ. ಮೂರು ಆದ್ದರಿಂದಗಳ ಬಳಿಕ ತಾವು ಹೆಬ್ಬೆರಳನ್ನು ನೀರಿಗೆ ಅದ್ದಿ ಹತ್ತನೆಯ ಹೆಸರನ್ನು ಒರೆಸಿದಿರಿ. ಅರ್ಜಿದಾರನ ಮನೆ ತಮ್ಮ ಅಂಗಡಿಯಿಂದ ಒಂದು ಬಸ್ಸಿನ ದೂರದಲ್ಲಿದೆ. ಕೇಳಿದ್ದರೆ ಹೇಳುತ್ತಿದ್ದೆವು.

7. ಒರೆಸಿದ ಜಾಗದಲ್ಲಿ ತಾವು ಬರೆದದ್ದು ತಾಜ್ ಪಾಷಾ ಅವರ ಹೆಸರನ್ನು. ವಯಸ್ಸು ನಲವತ್ಮೂರು. ಹದಿನೈದು ವರ್ಷದ ಹಿಂದೆ ಆಟ ಬಿಟ್ಟವರು. ಈಗ ಮನೆಯ ಹಿತ್ತಲಿನಲ್ಲಿ ಒಲೆ ಹೂಡಿ ಗೂಡು ಬೇಯಿಸಿ ನೂಲು ಬಿಚ್ಚುವವರು. ಹುಳ ಸಾಕುವವರಲ್ಲ, ಆದಕಾರಣ ಹುಳದ ತಂಟೆ ಇವರಿಗಿಲ್ಲ ಎಂಬುದು ತಮ್ಮ ದೂರದೃಷ್ಟಿ. "ಟೀಮಿಗೊಬ್ಬ ಅನುಭವಸ್ಥ ಬೇಕಾಗಿತ್ತು" ಎಂದು ತಾವು ಎಲ್ಲರಿಗೂ ಹೇಳಿದಿರಿ. ಹೊಸ ಅನುಭವಸ್ಥರು ಮೊದಲ ದಿನದ ಅಭ್ಯಾಸಕ್ಕೆ ಬಂದು, ಒಂದು ಸುತ್ತು ಓಡಿ, ಕುರ್ಚಿ ಕೇಳಿದರು. ಅಂಕಣದಲ್ಲಿ ಕುರ್ಚಿ ಇರಲಿಲ್ಲ. ಅರ್ಜಿದಾರನು ಪಕ್ಕದ ಟೀ ಅಂಗಡಿಯಿಂದ ತಂದುಕೊಟ್ಟನು.

8. ಸತ್ಯ ಮರೆಮಾಚುವುದು ಅರ್ಜಿಯ ಧರ್ಮವಲ್ಲದ ಕಾರಣ ಇದನ್ನೂ ನಮೂದಿಸಲಾಗಿದೆ. ದಿನಾಂಕ 8ರಂದು ಏಳು ಜನರ ತಂಡ ಚಿಂತಾಮಣಿಗೆ ಹೋಯಿತು. ಅರ್ಜಿದಾರನು ತನ್ನ ಟಿಕೆಟಿನಲ್ಲಿ ತಾನು ಹೋಗಿ ಹಗ್ಗದ ಆಚೆ ಜನರ ನಡುವೆ ಕುಳಿತನು. ಎರಡನೆಯ ಪಂದ್ಯದಲ್ಲಿ ನಾವು ಸೋಲುತ್ತಿದ್ದಾಗ ತಾಜ್ ಪಾಷಾ ಒಳಗೆ ಹೋದರು. ಹನ್ನೆರಡು ನಿಮಿಷದಲ್ಲಿ ಅವರು ಹೆಚ್ಚೆಂದರೆ ಹನ್ನೆರಡು ಹೆಜ್ಜೆ ಇಟ್ಟಿರಬಹುದು. ಬುಟ್ಟಿಯ ಕೆಳಗೆ ನಿಂತು, ಹೊಟ್ಟೆಯಿಂದ ಎದುರಾಳಿಗಳನ್ನು ತಡೆದು, ಕಾಲು ನೆಲ ಬಿಡದೆ ನಾಲ್ಕು ಸಲ ಬಾಲನ್ನು ಒಳಗೆ ಹಾಕಿದರು. ನಾವು ಗೆದ್ದೆವು, ಫೈನಲಿಗೆ ಬಂದೆವು. ಅನುಭವದ ಬಗ್ಗೆ ಅರ್ಜಿದಾರನಿಗೆ ಯಾವ ತಕರಾರೂ ಇಲ್ಲ.

9. ವಾಪಸು ಬಸ್ಸಿಗೆ ಕಾಯುವಾಗ ತಾಜ್ ಪಾಷಾ ಅರ್ಜಿದಾರನ ಕಡೆ ತಿರುಗಿ, ಇವತ್ತು ಎಲ್ಲರ ಮನೇಲೂ ಹುಳ ಹಣ್ಣಾಗಿರುವಾಗ ನೀನು ಹೇಗೆ ಬಂದೆ ಎಂದು ಕೇಳಿದರು. ಈ ಪ್ರಶ್ನೆಯನ್ನು ಕೇಳಿದ ಮೊದಲ ವ್ಯಕ್ತಿ ಅವರೇ. ಆಗ ನಡೆದ ಮಾತು ಉಲ್ಲೇಖ 3ರಲ್ಲಿದ್ದು, ತಮಗೆ ಮರೆತಿರಬಹುದಾದ ಕಾರಣ ಇಲ್ಲಿ ಪೂರ್ತಿ ಕೊಡಲಾಗಿದೆ.

"ನಾವು ಈ ಸಲ ಹುಳ ಇಟ್ಟಿಲ್ಲ ಪಾಷಣ್ಣ," ಎಂದನು ಅರ್ಜಿದಾರ.

"ಇಟ್ಟಿಲ್ವಾ? ಸೊಪ್ಪಿತ್ತಲ್ಲಪ್ಪ?"

"ಇತ್ತು. ಆಟಕ್ಕೆ ಅಂತ ಅಮ್ಮ ಬಿಟ್ಲು."

ತಾಜ್ ಪಾಷಾ ತಮ್ಮ ಮುಖ ನೋಡಿದರು. ತಾವು ನಿಲ್ದಾಣದ ಬೋರ್ಡು ನೋಡಿದಿರಿ.

"ಬೆಳೆ ಬಿಡೋರು ಯಾರಪ್ಪ ಇದಾರೆ ಈ ಸೀಮೇಲಿ," ಎಂದಿರಿ ತಾವು. "ನಾನು ಆ ಚಿಕ್ಕಬಳ್ಳಾಪುರದವನ ಹತ್ರ ತಗೊಂಡ್ರು ಅಂದ್ಕೊಂಡೆ."

"ಅದೆಲ್ಲ ಇರ್ಲಿ ನರಸಿಂಹಪ್ಪ," ಎಂದರು ತಾಜ್ ಪಾಷಾ. "ಮುಂದಿನ ಶನಿವಾರ ಈ ಹುಡುಗನ್ನ ಹಾಕ್ಕೋ. ಇವತ್ತು ಹಣ್ಣಾದ ಹುಳ ಅವತ್ತಿಗೆ ಗೂಡಾಗಿ ಮಾರ್ಕೆಟ್ಟಿಗೆ ಬರುತ್ತೆ. ಅವತ್ತು ನಾನು ಗೂಡು ತಗೊಳ್ದೆ ಇಲ್ಲಿ ಬಾಲ್ ಹಾಕ್ತಾ ನಿಂತ್ರೆ ಒಲೇಲಿ ಏನು ಬೇಯಿಸ್ಲಿ?"

"ಪಟ್ಟಿ ಕೊಟ್ಟಾಗಿದೆ, ತಿದ್ದಾಕಾಗಲ್ಲ. ಹೆಂಗೋ ಬರ್ತೀರಿ ಬಿಡಿ," ಎಂದಿರಿ ತಾವು. ಬಸ್ಸು ಬಂತು.

10. ಅಂದರೆ ಹುಳದ ಲೆಕ್ಕ ಹಾಕಿದ ತಾವು ಗೂಡಿನ ಲೆಕ್ಕ ಹಾಕಲಿಲ್ಲ. ಮೊಟ್ಟೆ ಮಾರಿದ ಮೇಲೆ ಮೊಟ್ಟೆ ಅಂಗಡಿಯವರ ಕೆಲಸ ಮುಗಿಯುತ್ತದೆ, ಇದನ್ನು ತಪ್ಪೆನ್ನಲಾಗದು. 15ರ ಬೆಳಿಗ್ಗೆ ಹನ್ನೊಂದಕ್ಕೆ ಚಿಂತಾಮಣಿಯಲ್ಲಿ ಫೈನಲು. ಅದೇ ಹನ್ನೊಂದಕ್ಕೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಮ್ಮ ತಂಡದ ನಾಲ್ವರಿದ್ದರು. ಮೂವರು ಗೂಡು ಮಾರಲು, ಒಬ್ಬರು ಕೊಳ್ಳಲು. ಅರ್ಜಿದಾರನು ಇದನ್ನು ಕಣ್ಣಾರೆ ಕಂಡಿಲ್ಲ. ಗಂಗುಲಪ್ಪ ಮತ್ತು ತಾಜ್ ಪಾಷಾ ಬೇರೆಬೇರೆಯಾಗಿ ಹೇಳಿದ್ದರಲ್ಲಿ ಒಂದಕ್ಕೊಂದು ಹೊಂದುವಷ್ಟನ್ನು ಮಾತ್ರ ಇಲ್ಲಿ ಬರೆದಿದೆ. ತಾಜ್ ಪಾಷಾ ಗಂಗುಲಪ್ಪನ ರಾಶಿಗೆ ಕೈಹಾಕಿ, ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಏನಪ್ಪ ಕ್ಯಾಪ್ಟನ್, ಗೂಡು ಇಷ್ಟು ತೆಳ್ಳಗೆ?" ಎಂದರು. "ನೀವು ಓಡೋದಕ್ಕಿಂತ ವಾಸಿ ಬಿಡಿ," ಎಂದನು ಗಂಗುಲಪ್ಪ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ತಂಡದ ಒಗ್ಗಟ್ಟಿನ ಬಗ್ಗೆ ತಾವು ವಾರ್ಷಿಕ ವರದಿಯಲ್ಲಿ ಬರೆಯುವಾಗ ಇದನ್ನು ಗಮನಿಸಬಹುದು.

11. ಪಟ್ಟಿಯವರಲ್ಲಿ ಚಿಂತಾಮಣಿಗೆ ಬಂದವರು ಆರು ಜನ. ಅರ್ಜಿದಾರನು ಅಂದೂ ಹಗ್ಗದ ಆಚೆ ಕುಳಿತಿದ್ದನು. ಅರ್ಧ ಆಟದ ಹೊತ್ತಿಗೆ ನಾವು ಐದು ಪಾಯಿಂಟು ಮುಂದಿದ್ದೆವು. ಆಮೇಲೆ ದಣಿದವರ ಕೈ ಎದುರಾಳಿಯ ಮೈಮೇಲೆ ಬೀಳತೊಡಗಿ, ಐದೈದು ಫೌಲಾಗಿ ಇಬ್ಬರು ಹೊರಗೆ ಹೋದರು. ಒಳಗೆ ಉಳಿದವರು ನಾಲ್ವರು. ಒಂಬತ್ತು ನಿಮಿಷ ಬಾಕಿ. ಆಗ ತಾವು ಹಗ್ಗ ದಾಟಿ ಅರ್ಜಿದಾರನ ಬಳಿಗೆ ಬಂದಿರಿ. ತಮ್ಮ ಕೈಯಲ್ಲಿ ತಾಜ್ ಪಾಷಾ ಅವರ ಜೆರ್ಸಿ ಇತ್ತು.

"ಹಾಕ್ಕಂಡು ಹೋಗಪ್ಪ. ಯಾರಾದ್ರೂ ಕೇಳಿದ್ರೆ ತಾಜ್ ಪಾಷಾ ಅನ್ನು."

"ಸರ್ಟಿಫಿಕೇಟು ಯಾರ ಹೆಸರಿಗೆ ಬರುತ್ತಣ್ಣ?"

"ಅದನ್ನ ಆಮೇಲೆ ನೋಡಣ."

ಅರ್ಜಿದಾರನು ಆಮೇಲೆ ಎಂಬ ಮಾತನ್ನು ನಂಬಿದನು. ಇದಕ್ಕೆ ಅವನ ಹೊರತು ಯಾರೂ ಹೊಣೆಯಲ್ಲ.

12. ಕಳೆದ ವಾರ ಅಂಕ ಬರೆದವರು ಅಂದು ಬಂದಿರಲಿಲ್ಲ. ಹೊಸಬರು ಪಟ್ಟಿ ನೋಡಿ, ಅರ್ಜಿದಾರನನ್ನು ನೋಡಿ, ಟಿಕ್ಕು ಹಾಕಿದರು. ಪಟ್ಟಿಯಲ್ಲಿ ವಯಸ್ಸಿನ ಕಾಲಂ ಇರಲಿಲ್ಲ. ಜೆರ್ಸಿಯೊಳಗೆ ಇನ್ನೊಬ್ಬ ಅರ್ಜಿದಾರನಿಗೂ ಜಾಗವಿತ್ತು. ತಂಡದವರು ಮೊದಲು "ಬಯ್ಯ" ಎಂದು ಕೂಗಿ, ತಾವು ಕಣ್ಣು ಬಿಟ್ಟ ಮೇಲೆ "ಪಾಷಾ" ಎಂದು ಕೂಗಿದರು. ಎರಡನೆಯ ಹೆಸರಿಗೆ ತಿರುಗುವುದು ತಡವಾಗಿ ಒಂದು ಪಾಸು ಹೊರಗೆ ಹೋಯಿತು. ಆದರೂ ಆ ಒಂಬತ್ತು ನಿಮಿಷದಲ್ಲಿ ಅರ್ಜಿದಾರನು ಏಳು ಪಾಯಿಂಟು ಮಾಡಿದನು. ಹೆಮ್ಮೆಗೆಂದು ಇದನ್ನು ಬರೆದಿಲ್ಲ. ಇದು ಬೇರೆ ಯಾವ ದಾಖಲೆಯಲ್ಲಿಯೂ ಇಲ್ಲದ ಕಾರಣ ಬರೆದಿದೆ.

13. ಕೊನೆಯ ಗಳಿಗೆಯಲ್ಲಿ ನಾವು 47, ಅವರು 49. ಅರ್ಜಿದಾರನಿಗೆ ಎರಡು ಫ್ರೀ ಥ್ರೋ ಸಿಕ್ಕಿದವು. ಮೊದಲನೆಯದು ಒಳಗೆ ಹೋಯಿತು. ಎರಡನೆಯದು ಕಬ್ಬಿಣದ ಬಳೆಗೆ ಬಡಿದು, ಸ್ವಲ್ಪ ಯೋಚಿಸಿ, ಹೊರಗೆ ಬಿತ್ತು. ಸಡಿಲ ಜೆರ್ಸಿ ಅಡ್ಡ ಬಂತೆಂದು ಹೇಳಬಹುದಾಗಿತ್ತು. ಅಡ್ಡ ಬರಲಿಲ್ಲ. ಅರ್ಜಿದಾರನು ತಪ್ಪಿಸಿದನು, ಅಷ್ಟೆ.

14. ಸಂಜೆ ಶಿಡ್ಲಘಟ್ಟದಲ್ಲಿ ಈ ಸುದ್ದಿ ಕೇಳಿದ ತಾಜ್ ಪಾಷಾ ತುಂಬಾ ನೊಂದುಕೊಂಡರು. "ನಾನು ಇಷ್ಟು ವರ್ಷ ಆಡಿ ಕೊನೇ ಫ್ರೀ ಥ್ರೋ ಬಿಟ್ಟವನಲ್ಲ ಕಣಪ್ಪ. ಈಗ ಚಿಂತಾಮಣಿಯೋರೆಲ್ಲ ಪಾಷಾ ಬಿಟ್ಟ ಅಂತಾರೆ," ಎಂದರು. ಅವರ ಮಾತು ನ್ಯಾಯವಾದದ್ದು. ಅರ್ಜಿದಾರನು ಕ್ಷಮೆ ಕೇಳಿದನು. ಅವರು ಟೀ ಕೊಡಿಸಿ, ತಾಜ್ ಪಾಷಾ ಹೆಸರಿಗೆ ಬಂದ ಸರ್ಟಿಫಿಕೇಟನ್ನು ಅರ್ಜಿದಾರನ ಕೈಗೇ ಕೊಟ್ಟು, ಒಲೆ ಉರಿಯುತ್ತಿದೆಯೆಂದು ಎದ್ದು ಹೋದರು. ಹೆಸರು ತಿದ್ದಿಸುವ ಬಗ್ಗೆ ಮಾರನೆಯ ದಿನ ವಿಚಾರಿಸಿದಾಗ, ಟೂರ್ನಮೆಂಟಿನವರನ್ನು ಕೇಳಿದರೆ ಸಂಘವನ್ನೇ ಮೂರು ವರ್ಷ ಹೊರಗಿಡುತ್ತಾರೆ, ಬಾಯಿ ಮುಚ್ಚಿಕೊಂಡಿರು ಎಂದು ತಾವು ತಿಳಿಹೇಳಿದಿರಿ. ಆಮೇಲೆ ಎಂದರೆ ಯಾವಾಗ ಎಂಬುದು ಅರ್ಜಿದಾರನಿಗೆ ಹೀಗೆ ಸ್ಪಷ್ಟವಾಯಿತು.

15. ಅರ್ಜಿದಾರನ ತಾಯಿಗೆ ಓದು ಬರುವುದಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಮೊಹರನ್ನು ಬೆರಳಿನಿಂದ ಮುಟ್ಟಿ ನೋಡಿ, ಏನು ಬರೆದಿದೆ ಓದು ಎಂದರು. ಅರ್ಜಿದಾರನು ಇದ್ದದ್ದನ್ನು ಇದ್ದ ಹಾಗೆ ಓದಿದನು.

"ಅದ್ಯಾರಪ್ಪ ತಾಜ್ ಪಾಷಾ?"

"ನಾನೇ ಕಣಮ್ಮ," ಎಂದನು ಅರ್ಜಿದಾರ.

ಅವರು ಕಾಗದವನ್ನು ಅರ್ಜಿದಾರನ ಕೈಗೆ ವಾಪಸು ಕೊಟ್ಟರು. ಹೊರಗೆ ಹೋಗಿ ಗೋಡೆಗೆ ಒರಗಿಸಿದ್ದ ತಟ್ಟೆಗಳನ್ನು ಒಂದೊಂದಾಗಿ ಒಳಗೆ ತಂದಿಟ್ಟರು.

ಮೇಲ್ಕಂಡ ಕಾರಣಗಳಿಂದ ತಮ್ಮಲ್ಲಿ ಕೋರುವುದೇನೆಂದರೆ:

(ಅ) ಸರ್ಟಿಫಿಕೇಟು ತಾಜ್ ಪಾಷಾ ಅವರ ಹೆಸರಿನಲ್ಲಿರುವುದರಿಂದ, ಇದೇ 31ರೊಳಗೆ ಅವರನ್ನೇ ಸಿ.ಪಿ.ಎಡ್. ತರಗತಿಗೆ ಸೇರಿಸುವುದು. ನಲವತ್ಮೂರನೆಯ ವಯಸ್ಸಿನಲ್ಲಿ ಅವರು ಲಾಂಗ್ ಜಂಪ್ ಮಾಡಬೇಕಾಗಿ ಬಂದರೆ ಅರ್ಜಿದಾರನು ಅವರ ಹೆಸರಿನಲ್ಲಿ ಹಾರಿಕೊಡಲು ಸಿದ್ಧನಿದ್ದಾನೆ. ಇದರಲ್ಲಿ ಅವನಿಗೆ ಈಗ ಅನುಭವವಿದೆ.

(ಆ) ಅದು ಆಗದಿದ್ದಲ್ಲಿ, ಅರ್ಜಿದಾರನಿಗೆ 2010ನೇ ಇಸವಿಯಲ್ಲಿ ನಲವತ್ಮೂರು ವರ್ಷ ತುಂಬಲಿದ್ದು, ಸದರಿ ಸಾಲಿನ ಅನುಭವಸ್ಥ ಬದಲಿ ಆಟಗಾರನ ಸ್ಥಾನಕ್ಕೆ ಅವನ ಹೆಸರನ್ನು ಈಗಲೇ ಬರೆದುಕೊಳ್ಳುವುದು. ಸೀಮೆಸುಣ್ಣದಲ್ಲಿ ಬೇಡ.

ತಮ್ಮ ಪಟ್ಟಿಯಲ್ಲಿಲ್ಲದ ವಿಶ್ವಾಸಿ,
(ಸಹಿ) ಬಯ್ಯಪ್ಪ

ಲಗತ್ತುಗಳು:
1. ದ್ವಿತೀಯ ಸ್ಥಾನದ ಸರ್ಟಿಫಿಕೇಟು, ಶ್ರೀ ತಾಜ್ ಪಾಷಾ ಇವರ ಹೆಸರಿನದು.
2. ಸದರಿಯವರ ಜೆರ್ಸಿ, ಒಗೆದದ್ದು.
3. ಚಿಂತಾಮಣಿಯ ಬಸ್ ಟಿಕೆಟು, ನಾಲ್ಕು. (ಹೋಗಿ ಬಂದದ್ದು, ಎರಡು ಶನಿವಾರ.)

ವಿ.ಸೂ.: ಸಂಘದ ವಾರ್ಷಿಕ ವರದಿಯಲ್ಲಿ ನಷ್ಟ ಎಂಬ ಶೀರ್ಷಿಕೆಯಿದ್ದರೆ ಅದರಡಿ ಈ ಕೆಳಗಿನಂತೆ ನಮೂದಿಸಬೇಕಾಗಿ ಕೋರಿಕೆ.

ಬೆಳೆ ಒಂದು. ಪಂದ್ಯ ಒಂದು. ವರ್ಷ ಒಂದು.