ಮುಯ್ಯಿಲ್ಲದ ಆಟ

ಲಿಂಗರಾಜು: ಒಬ್ನೇ ಆಡೋ ಆಟ ಹಾಕು ಅಂದೆ ತಾನೆ? ಮತ್ತೆ ಈ ಆರು ಜನ ಯಾರ್ಲಾ?

ಕಾಂತರಾಜು: ಆರೂ ನೀನೇ ಕಣ್ಲಾ. ಆಡೋನು ಒಬ್ಬ, ಆಡ್ಸೋದು ಆರು ಜನಾನ.

ಲಿಂಗರಾಜು: ಆರು ಜನಾನ ಕಟ್ಕೊಂಡು ಏಗೋ ತಾಳ್ಮೆ ಇದ್ದಿದ್ರೆ ನಿನ್ನ ಅಂಗಡಿಗೆ ಯಾಕ್ಲಾ ಬತ್ತಿದ್ದೆ? ತೆಗಿ ಇದನ್ನ!

ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ನಿಲ್ಲುವ ಕಡೆಗೇ ಮುಖ ಮಾಡಿಕೊಂಡಿದೆ ಕಾಂತರಾಜುವಿನ ಕಂಪ್ಯೂಟರ್ ಸೆಂಟರ್. ಮದುವೆ ಕಾರ್ಡು, ಅರ್ಜಿ ಅಚ್ಚು ಹಾಕುವುದು ಅವನ ಕಸುಬು. ಗಿರಾಕಿ ಇಲ್ಲದಾಗ ಆರೇಳು ವರ್ಷದ ಹಳೇ ಆಟಗಳ ಸೀಡಿ ಹಾಕಿಕೊಂಡು ಕೂರುವುದು ಚಟ. ಹೊಸ ಆಟ ಹಾಕಿದರೆ ಅವನ ಕಂಪ್ಯೂಟರು ಕೆಮ್ಮುತ್ತದೆ. ಲಿಂಗರಾಜು ಏಳನೇ ಕ್ಲಾಸಿನವರೆಗೂ ಅವನ ಪಕ್ಕ ಒಂದೇ ಬೆಂಚಿನಲ್ಲಿ ಕೂತವನು. ಆಮೇಲೆ ಹೊಲ.

ಈಗ ಆ ಹೊಲದ್ದೇ ಫಜೀತಿ. ಅವರ ಊರಲ್ಲಿ ಹೊಗೆಸೊಪ್ಪು ಮುರಿಯುವುದೆಲ್ಲ ಮುಯ್ಯಾಳಿನ ಲೆಕ್ಕ; ಒಂದು ದಿನ ನಾವು ಅವರ ಹೊಲಕ್ಕೆ ಹೋದರೆ ಒಂದು ದಿನ ಅವರು ನಮ್ಮ ಹೊಲಕ್ಕೆ. ಮೊನ್ನೆ ದೊಡ್ಡಪ್ಪನ ಮಗ ಸೋಮಯ್ಯನ ಹೊಲದಲ್ಲಿ, "ಲಿಂಗ, ಹಣ್ಣಾಗದ ಹಸಿ ಎಲೆ ಮುರೀತಿದ್ದೀಯ ಕಣೋ" ಅಂತ ಸೋಮಯ್ಯನ ಬಾಯಿಂದ ಒಂದೇ ಒಂದು ಮಾತು ಬಂತು. ಇವನು ತಲೆಗೆ ಸುತ್ತಿದ್ದ ಟವೆಲ್ಲು ಒದರಿ, ಮಧ್ಯಾಹ್ನಕ್ಕೇ ಎದ್ದು ಬಂದ. ಆವತ್ತಿನಿಂದ ಸೋಮಯ್ಯನ ಕಡೆಯ ಎಂಟು ಮುಯ್ಯಾಳುಗಳಲ್ಲಿ ಒಬ್ಬರೂ ಇವನ ಬದುವಿನತ್ತ ತಲೆ ಹಾಕಿಲ್ಲ. ಇವನ ಎಲೆಯೋ ಹಳದಿಗೆ ತಿರುಗಿ ನಿಂತಿದೆ. ನಾಳೆ ಮುರಿಯದಿದ್ದರೆ ಗಿಡದಲ್ಲೇ ಕರಕಲು. ಕೂಲಿಯಾಳು ಹುಡುಕಿಕೊಂಡು ಹ್ಯಾಂಡ್‌ಪೋಸ್ಟಿಗೆ ಬಂದವನಿಗೆ ಒಂದು ನರಪಿಳ್ಳೆಯೂ ಸಿಗಲಿಲ್ಲ. ಆ ಸಿಟ್ಟಿಗೆ ಇಲ್ಲಿ ಕುರ್ಚಿ ಎಳೆದು ಕೂತಿದ್ದ.

ಕಾಂತರಾಜು: ತಗಾ, ಇದು ನಿಂಗೆ ಸರಿ. ಮೊದಲಿಂದ ಕೊನೇ ತನಕ ಒಬ್ನೇ. ಯಾರ ಹಂಗೂ ಇಲ್ಲ.

ಲಿಂಗರಾಜು: ಅಂಗ್ ಏಳು ಮತ್ತೆ! ಎಲ್ಲಿ ಒತ್ಬೇಕು? ಈ ಗವಿ ಒಳೀಕಾ?

ಗವಿಯೊಳಗೆ ಹೋದ. ಒಂದು ಇಲಿ ಬಂತು. ನಾಯಿ ಗಾತ್ರದ್ದು. ಎರಡು ಸಾರಿ ಕಚ್ಚಿತು. ಪರದೆಯ ಮೇಲೆ ಲಿಂಗರಾಜು ಅಂಗಾತ ಬಿದ್ದ.

ಕಾಂತರಾಜು: ಓದೆ ನೀನು.

ಲಿಂಗರಾಜು: ಎಲ್ಲಿಗೆ?

ಕಾಂತರಾಜು: ಸತ್ತೋದೆ ಕಣ್ಲಾ. ಇಲಿ ಕಚ್ಚಿ.

ಲಿಂಗರಾಜು: ಲೇ! ಕಾಕನಕೋಟೆ ಕಾಡಂಚಲ್ಲಿ ಉಟ್ಟಿ, ಆನೆ ಓಡ್ಸಿದ್ದೀನಿ ನಾನು. ಇಲಿಗೆ ಸಾಯ್ತೀನಾ?

ಕಾಂತರಾಜು: ಆನೆ ಓಡ್ಸಕ್ಕೆ ಊರೇ ಬಂದಿತ್ತು. ಇಲ್ಲಿ ಗಾಯಕ್ಕೆ ಬಟ್ಟೆ ಕಟ್ಟಕ್ಕೂ ಗತಿ ಇಲ್ಲ. ಒಬ್ನೇ ಅಂದ್ರೆ ಇಂಗೇಯ.

ಲಿಂಗರಾಜು: ಬುದ್ದಿ ಏಳ್ಬ್ಯಾಡ. ಇನ್ನೊಂದು ಹಾಕು.

ಮೂರನೆಯ ಸೀಡಿ ಗರಗರ ಅಂದಿತು. ಈ ಆಟದಲ್ಲಿ ಮೊದಲು ಆಳನ್ನು ನಾವೇ ಮಾಡಿಕೊಳ್ಳಬೇಕು. ಇಪ್ಪತ್ತು ಅಂಕ ಕೊಡುತ್ತಾರೆ. ಬಲಕ್ಕಿಷ್ಟು, ಬುದ್ಧಿಗಿಷ್ಟು, ಮಾತಿನ ನಯಕ್ಕಿಷ್ಟು ಅಂತ ಹಂಚಬೇಕು.

ಲಿಂಗರಾಜು: ಇಪ್ಪತ್ತೂ ಬಲಕ್ಕೆ ಹಾಕು.

ಕಾಂತರಾಜು: ಮಾತಿನ ನಯಕ್ಕೆ ಒಂದೆರಡಾದ್ರೂ ಇರ್ಲಿ ಕಣ್ಲಾ.

ಲಿಂಗರಾಜು: ಯಾಕೆ? ಎಣ್ಣು ನೋಡಕ್ಕೆ ಓಯ್ತಿದ್ದೀನಾ?

ಕಾಂತರಾಜು: ಸರಿ, ಸೊನ್ನೆ. ನಿನ್ನ ಫೋಟೋನೇ ತೆಗೆದಂಗಾಯ್ತು.

ಆಟ ಶುರುವಾಯಿತು. ಪರದೆಯೊಳಗಿನ ಊರಲ್ಲಿ ಇವನ ಮುಖ ನೋಡಿದವರೆಲ್ಲ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಕೊನೆಗೆ ಊರಾಚೆ ಮರದ ಕೆಳಗಿದ್ದ ಒಬ್ಬ ಗಡ್ಡದ ಮುದುಕ ಎದ್ದು, ಏನೂ ಕೇಳದೆ ಹಿಂದೆ ಬಂದ. ಗವಿಯಲ್ಲಿ ಇಲಿ ಕಚ್ಚಿದಾಗ ಮಂತ್ರ ಹಾಕಿ ಗಾಯ ಮಾಯಿಸಿದ. ಲಿಂಗರಾಜುವಿನ ಮೀಸೆ ಅರಳಿತು.

ಲಿಂಗರಾಜು: ನೋಡ್ಲಾ, ಇವ್ನಪ್ಪ ಮನುಷ್ಯ ಅಂದ್ರೆ! ಕೂಲಿ ಕೇಳ್ನಿಲ್ಲ, ಕಾಫಿ ಕೇಳ್ನಿಲ್ಲ. ಹಸಿ ಎಲೆ ಒಣ ಎಲೆ ಅಂತ ಕೊಂಕು ತೆಗೀನಿಲ್ಲ. ಈಗೇನೋ ಬರೀತಾವ್ನಲ್ಲ, ಏನಂತೆ?

ಕಾಂತರಾಜು: "ನಾನು ನಿನ್ನ ಜೊತೆ ಬಂದೆ, ಹೊಡೆದಾಡ್ದೆ. ನಮ್ಮೂರಲ್ಲಿ ನನ್ನ ತಂಗಿ ಮನೆಗೆ ಕಳ್ಳರ ಕಾಟ. ಈಗ ನೀನು ನನ್ನ ಜೊತೆ ಬಾ. ಬರ್ನಿಲ್ಲ ಅಂದ್ರೆ ನಿನ್ನ ದಾರಿ ನಿಂಗೆ, ನನ್ನ ದಾರಿ ನಂಗೆ" ಅಂತಾವ್ನೆ.

ಲಿಂಗರಾಜು: ಎರಡು ಸಾಲು ಬರ್ದವ್ನೆ, ನೀನು ಪುರಾಣ ಓದ್ತಿದ್ದೀಯಲ್ಲ?

ಕಾಂತರಾಜು: ಇಂಗ್ಲಿಷು ಅನ್ನೋದು ಸೊಪ್ಪು ಒಣಗ್ಸೋ ಬ್ಯಾರನ್ನಿಂದ ಇಳಿಸಿದ ಒಣಸೊಪ್ಪಿದ್ದಂಗೆ ಕಣ್ಲಾ. ತೇವ ಕೊಟ್ರೆ ಬಿಚ್ಕೊಳ್ತದೆ.

ಲಿಂಗರಾಜು: ಬರಲ್ಲ ಅನ್ನು. ನಂಗೆ ಯಾವೋನ ದಾಕ್ಷಿಣ್ಯಾನೂ ಇಲ್ಲ.

ಮುದುಕ ತಿರುಗಿಯೂ ನೋಡದೆ ಹೋದ. ಮುಂದಿನ ಗವಿಯಲ್ಲಿ ಇಲಿ ಕಾದಿತ್ತು. ಲಿಂಗರಾಜು ಮತ್ತೆ ಅಂಗಾತ ಬಿದ್ದ. ಕಾಂತರಾಜು ಮದುವೆ ಕಾರ್ಡೊಂದನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ.

ಲಿಂಗರಾಜು: ನಗ್ಬ್ಯಾಡ ಕಣ್ಲಾ! ಆ ಮುದುಕ ಕೇಳಿದ್ನಲ್ಲ, ಅಲ್ಲಿಗೆ ಹಿಂದಕ್ಕೆ ತಿರುಗ್ಸು ಆಟಾನ. ಬತ್ತೀನಿ ಅನ್ನು. ಎಷ್ಟು ದೂರ ಅವನೂರು?

ಕಾಂತರಾಜು: ಎರಡು ದಿನದ ದಾರಿ.

ಲಿಂಗರಾಜು: ನಡಿ ಮತ್ತೆ.

ಹೊಳೆ ದಾಟಿ, ಗುಡ್ಡ ಹತ್ತಿ ಇಳಿದು, ತೋಳ ಹೊಡೆದು ನಡೆಯುತ್ತಿರುವಾಗ ಬಾಗಿಲಲ್ಲಿ ನೆರಳಾಯಿತು. ಹೆಂಡತಿ ಸುನಂದಮ್ಮ. ಕಂಕುಳಲ್ಲಿ ಖಾಲಿ ಚೀಲ, ಮುಖದ ತುಂಬ ಬೆವರು.

ಸುನಂದಮ್ಮ: ಆಳು ಸಿಕ್ಕಿದ್ರಾ?

ಲಿಂಗರಾಜು: ತಡಿ ಸುನಂದಾ. ಒಂದು ಗಳಿಗೆ. ಈ ಯಜಮಾನನ ಊರಿಗೆ ಓಗಿ ಬತ್ತೀನಿ.

ಸುನಂದಮ್ಮ: ಯಾವ ಯಜಮಾನ?

ಲಿಂಗರಾಜು: ಇಗೋ, ಗಡ್ಡದೋನು. ಪಾಪ, ತಂಗಿ ಮನೇಲಿ ಕಷ್ಟವಂತೆ. ಮನುಷ್ಯ ನನ್ನ ಜೊತೆ ಬಂದು ಮೈಮುರಿದು ಗೇದವ್ನೆ ಕಣೆ. ಈಗ ನಾನು ಕೈಕೊಟ್ರೆ ಮುಖ ಹೆಂಗ್ ತೋರ್ಸದು? ಮುಯ್ಯಿ ತೀರಿಸ್ದೆ ಇರೋನು ಮನುಷ್ಯನೇನೆ?

ಸುನಂದಮ್ಮ ಪರದೆ ನೋಡಿದಳು, ಗಂಡನ ಮುಖ ನೋಡಿದಳು.

ಸುನಂದಮ್ಮ: ಅಲ್ಲಾ, ಮೂರನೇ ಹೊಲದ ಸೋಮಯ್ಯ ಭಾವನೋರಿಗೆ ಅರ್ಧ ದಿನದ ಮುಯ್ಯಿ ತೀರಿಸಕ್ಕೆ ನಿಮ್ಮ ಕಾಲು ಏಳ್ನಿಲ್ಲ. ಈ ಪೆಟ್ಟಿಗೆ ಒಳಗಿನ ಮುದುಕನಿಗೆ ಎರಡು ದಿನ ನಡೀತಿದ್ದೀರಾ?

ಲಿಂಗರಾಜು: ಅವನು ಕೊಂಕು ಮಾತಾಡಲ್ಲ!

ಸುನಂದಮ್ಮ: ನೀವು ಅವತ್ತು ಮುರಿದಿದ್ದು ಹಸಿ ಎಲೇನೇ. ಪಕ್ಕದ ಸಾಲಲ್ಲಿದ್ದ ನಾನೇ ಯಾರ್ಗೂ ಕಾಣ್ದಂಗೆ ಚೀಲದಲ್ಲಿ ಅಡಗಿಸಿಟ್ಟೆ.

ಲಿಂಗರಾಜು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ. ಪರದೆಯಲ್ಲಿ ಮುದುಕ ಕೋಲೂರಿಕೊಂಡು ಕಾಯುತ್ತಿದ್ದ.

ಲಿಂಗರಾಜು: ಕಾಂತ, ಇಲ್ಲೇ ನಿಲ್ಸಿದ್ರೆ ಇವ್ನು ಕಾಯ್ತಾನಾ?

ಕಾಂತರಾಜು: ವರ್ಷ ಆದ್ರೂ ಕಾಯ್ತಾನೆ.

ಸುನಂದಮ್ಮ: ನಮ್ಮೆಲೆ ನಾಳೆ ದಾಟಿ ಕಾಯಲ್ಲ.

ಲಿಂಗರಾಜು ಎದ್ದ. ಹೆಗಲ ಟವೆಲ್ಲು ತೆಗೆದು ಒದರಲು ಹೋದವನು ಯಾಕೋ ಮಡಿಸಿ ಹಾಕಿಕೊಂಡ. ಬಾಗಿಲಲ್ಲಿ ನಿಂತು ತಿರುಗಿದ.

ಲಿಂಗರಾಜು: ಲೇ ಕಾಂತ, ಆ ಮಾತಿನ ನಯ ಅಂದ್ಯಲ್ಲ, ಅದ್ಕೆ ಎರಡು ಅಂಕ ಹಾಕಿಡು. ಸೋಮಯ್ಯಣ್ಣನ ಮುಂದೆ ನಿಂತ್ಕೋಬೇಕು.

ಕಾಂತರಾಜು: ಅದನ್ನ ಶುರುವಲ್ಲೇ ಹಾಕ್ಬೇಕಿತ್ತು ಕಣ್ಲಾ. ನಡುವೆ ಹಾಕಿದ್ರೆ ಏರಲ್ಲ.

ಸುನಂದಮ್ಮ: ನಿಜ ಕಣ್ ಕಾಂತಣ್ಣ. ನಾನೂ ಇಪ್ಪತ್ತು ವರ್ಷದಿಂದ ಇವ್ರಿಗೆ ಹಾಕ್ತಾನೇ ಇದ್ದೀನಿ.